ಬಿಡು ಎಂದಾಗ ಬಿಟ್ಟವಳು

ಕತ್ತರಿ ಎಂಬ ಹೆಸರು ಅವಳಿಗೆ ಕೆಲಸದಿಂದ ಬಂತು ಎಂದು ಹೊಸಬರು ತಿಳಿಯುತ್ತಾರೆ. ನಾಯಿಗಳ ಕೂದಲು ಕತ್ತರಿಸುವ ಅಂಗಡಿಯಲ್ಲಿ ದುಡಿಯುವವಳಿಗೆ ಇನ್ನೇನು ಹೆಸರು ಬರಬೇಕು ಎಂಬ ಲೆಕ್ಕ ಅವರದು. ತಪ್ಪು. ಆ ಹೆಸರು ಬಂದಾಗ ಆ ಅಂಗಡಿಯೊಳಗೆ ನಾಯಿ ಕಾಲಿಡುವಂತಿರಲಿಲ್ಲ, ಅವಳಿಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ಅವಳು ಕತ್ತರಿಸಿದ್ದೂ ತನ್ನ ಜಡೆಯನ್ನೇ.

ಅಂಗಡಿ ಆಗ ಹೆಂಗಸರ ತಲೆಕೂದಲಿನದು, ದೊಡ್ಡಮ್ಮನದು. ತಂಗಿ ತೀರಿಕೊಂಡ ಮೇಲೆ ಅವಳ ಮಗಳನ್ನು ದೊಡ್ಡಮ್ಮ ಕೈಹಿಡಿದು ಕರೆತಂದಳು, ಹಾಲು ಅನ್ನಕ್ಕೆ ಕೊರತೆ ಮಾಡಲಿಲ್ಲ, ಶಾಲೆಗೆ ಹಾಕಿದಳು. ಇದನ್ನೆಲ್ಲ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವುದರಲ್ಲಿ ದೊಡ್ಡಮ್ಮ ರಾಕ್ಷಸಿಯಂತೆ ಕಂಡರೆ ಅದು ನ್ಯಾಯವಲ್ಲ. ಅವಳು ರಾಕ್ಷಸಿಯಾಗಿರಲಿಲ್ಲ. ಅವಳ ಮೊಣಕಾಲು ಮಾತ್ರ ಬಲು ಗಟ್ಟಿ.

ಮಗುವಿಗೆ ತಾಯಿಯಿಂದ ಬಂದ ಗುಂಗುರು ಕೂದಲು, ಬೆರಳು ಹಾಕಿದರೆ ಸಿಕ್ಕಿಬೀಳುವಷ್ಟು ದಟ್ಟ. ದೊಡ್ಡಮ್ಮನ ಪಾಲಿಗೆ ಅದು ಬಿಟ್ಟಿ ಸಿಕ್ಕ ಜಾಹೀರಾತಿನ ಬೋರ್ಡು. ದಿನಾ ಬೆಳಿಗ್ಗೆ ಬೀದಿಗೆ ಕಾಣುವ ಗಾಜಿನ ಕಿಟಕಿಯ ಪಕ್ಕ ಮೋಟು ಸ್ಟೂಲಿನ ಮೇಲೆ ಕೂತು, ಮಗುವನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಬುಡದಿಂದ ತುದಿಯವರೆಗೆ ಬಾಚುವಳು. ಮಗು ಮೊದಮೊದಲು “ಬಿಡು ದೊಡ್ಡಮ್ಮ, ಬಿಡು” ಎಂದು ಅಳುತ್ತಿತ್ತು. “ಇದೊಂದೇ ಸಿಕ್ಕು, ಇದೊಂದೇ, ಮುಗೀತು” ಎನ್ನುತ್ತ ದೊಡ್ಡಮ್ಮ ಮೊಣಕಾಲನ್ನು ಇನ್ನಷ್ಟು ಬಿಗಿ ಮಾಡುವಳು. ಆ ಒಂದು ಸಿಕ್ಕಿಗೆ ಕೊನೆಯೆಂಬುದೇ ಇರಲಿಲ್ಲ. ಕೆಲವು ವಾರಗಳಾದ ಮೇಲೆ ಮಗು ಅಳುವುದನ್ನು ನಿಲ್ಲಿಸಿತು. ಎದುರಿನ ಕನ್ನಡಿಯಲ್ಲಿ ಕಾಣುವ ತನ್ನ ಮುಖವನ್ನು ನೋಡುತ್ತ ಮರದ ಗೊಂಬೆಯ ಹಾಗೆ ಕೂತಿತು.

ಗಿರಾಕಿಗಳು ಮೆಚ್ಚಿದರು. “ಎಷ್ಟು ಚೆನ್ನಾಗಿ ಕೂತ್ಕೊಳ್ಳುತ್ತೆ ನೋಡಿ ಮಗು. ನಮ್ಮನೇದು ಮನೆ ತಲೆಕೆಳಗು ಮಾಡುತ್ತೆ” ಎಂದರು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ” ಎಂದು ದೊಡ್ಡಮ್ಮ ಹೆಮ್ಮೆಯಿಂದ ನಗುತ್ತಿದ್ದಳು.

ಬಗ್ಗಿದ ಗಿಡ ಒಂದು ಬೆಳಿಗ್ಗೆ ದೊಡ್ಡಮ್ಮನಿಗಿಂತ ಮುಂಚೆ ಎದ್ದಿತು. ಯಾರೂ ಮುಟ್ಟಬಾರದೆಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಳ್ಳೆಯ ಕತ್ತರಿಯನ್ನು ತೆಗೆದು, ಜಡೆಯನ್ನು ಕಿವಿಯ ಮಟ್ಟದಲ್ಲಿ ಕಚಕಚನೆ ಕತ್ತರಿಸಿ, ಕಿಟಕಿಯ ಬಳಿ ಗಿರಾಕಿಗಳಿಗೆ ಕಾಣುವ ಹಾಗೆ ಸ್ಟೂಲಿನ ಮೇಲೆ ಇಟ್ಟು, ಕತ್ತರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟು ಶಾಲೆಗೆ ಹೋಯಿತು. ಸಂಜೆ ಮರಳಿ ಬಂದಾಗ ದೊಡ್ಡಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. “ಬಂದ್ಳು ನೋಡಿ ಕತ್ತರಿ” ಎಂದಳು. ಹೆಸರು ಅಂಟಿಕೊಂಡಿತು. ಕೂದಲು ಅಂದಿನಿಂದ ಕಿವಿ ದಾಟಲಿಲ್ಲ.

ಇಷ್ಟೆಲ್ಲ ಹಟ ಇದ್ದವಳು ದೊಡ್ಡವಳಾದ ಮೇಲೆ ಅಲ್ಲಿಂದ ಹೊರಟುಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹೋಗಲು ಜಾಗವಿಲ್ಲವೆಂದಲ್ಲ. ಸ್ಟೂಲಿನ ಮೇಲೆ ಜಡೆ ಇಟ್ಟು ಬಂದದ್ದಕ್ಕೆ ದೊಡ್ಡಮ್ಮ ಉತ್ತರವನ್ನೇ ಕೊಟ್ಟಿರಲಿಲ್ಲ, ಆ ಉತ್ತರ ಸಿಗದೆ ಹೋಗುವುದು ಅವಳಿಗೆ ಸೋತ ಹಾಗೆ ಕಾಣುತ್ತಿತ್ತು. ಮೊಂಡ ರಾಜನಿಗಿಂತ ಬಲಿಷ್ಠ ಎನ್ನುತ್ತಾರೆ. ಆ ಅಂಗಡಿಯಲ್ಲಿ ಮೊಂಡರು ಇಬ್ಬರಿದ್ದರು, ಇಬ್ಬರೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು.

ಬೀದಿಯ ಕೊನೆಯಲ್ಲಿ ಹೊಳೆಹೊಳೆಯುವ ದೊಡ್ಡ ಪಾರ್ಲರ್ ಬಂದಾಗ ಹೆಂಗಸರೆಲ್ಲ ಅತ್ತ ಹರಿದರು. ದೊಡ್ಡಮ್ಮ ಅಳುತ್ತ ಕೂರಲಿಲ್ಲ. “ಜನರ ತಲೆ ಹೋದ್ರೆ ಹೋಗ್ಲಿ, ನಾಯಿಗಳ ಮೈ ಇದೆ” ಎಂದವಳೇ ತಲೆ ತೊಳೆಯುವ ಬೇಸಿನ್ನಿನಲ್ಲಿ ಸಣ್ಣ ನಾಯಿಗಳನ್ನು ತೊಳೆಯತೊಡಗಿದಳು. ಹೇರ್ ಡ್ರೈಯರು ಅದೇ, ಟವೆಲುಗಳು ಅವೇ. ಬಣ್ಣ ಮಾಸಿದ ಹೆಂಗಸರ ಚಿತ್ರಗಳು ಇನ್ನೂ ಗೋಡೆಯ ಮೇಲಿಂದ ಕುತ್ತಿಗೆ ಓರೆ ಮಾಡಿಕೊಂಡು ನಗುತ್ತಿದ್ದವು, ಕೆಳಗೆ ನಾಯಿಗಳು ಮೈ ಕೊಡವಿ ಅವರ ಮುಖಕ್ಕೆ ನೀರು ಹಾರಿಸುತ್ತಿದ್ದವು. ಕನ್ನಡಿಯನ್ನೂ ಯಾರೂ ತೆಗೆಯಲಿಲ್ಲ. ಮೋಟು ಸ್ಟೂಲೂ ಅದೇ ಜಾಗದಲ್ಲಿತ್ತು.

ಮೊಣಕಾಲೂ ಅವೇ. ಮೊದಲ ಸಲ ಬಂದ ಮರಿಗೆ ಆ ಅಂಗಡಿಯಲ್ಲಿ ಒಂದು ಕ್ರಮವಿತ್ತು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಮರಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಳ್ಳುವಳು, ಕತ್ತರಿ ಅದರ ಮುಂಗಾಲು ಹಿಡಿಯುವಳು, ಮರಿ ಒದ್ದಾಡಿ ಕಿರುಚಿ ಕೊನೆಗೆ ಸುಮ್ಮನಾಗುವ ತನಕ ಬಾಚಣಿಗೆ ನಿಲ್ಲುವಂತಿಲ್ಲ. ಸುಮ್ಮನಾಯಿತೋ, “ಬುದ್ಧಿ ಬಂತು” ಎಂದು ದೊಡ್ಡಮ್ಮ ಘೋಷಿಸುವಳು. ಒಂದು ಸಲ ಸೋತ ನಾಯಿ ಜನ್ಮವಿಡೀ ಸುಮ್ಮನೆ ನಿಲ್ಲುತ್ತದೆ ಎಂಬುದು ಅವಳ ನಂಬಿಕೆ. ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು, ಅದೇ ತೊಂದರೆ. ತನ್ನ ತಲೆಯನ್ನು ಆ ಮೊಣಕಾಲುಗಳಿಂದ ಬಿಡಿಸಿಕೊಂಡವಳು ವರ್ಷಗಟ್ಟಲೆ ಅದೇ ಸ್ಟೂಲಿನ ಎದುರು ಕುಕ್ಕರಗಾಲಲ್ಲಿ ಕೂತು ಮರಿಗಳ ಕಾಲು ಹಿಡಿದಳು. ಕೆಲಸ ಎಂದರೆ ಕೆಲಸ ಎಂದುಕೊಂಡಿದ್ದಳು. ಮನುಷ್ಯರಿಗೆ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ.

ಟಿಕೆಟ್ ಬಂದದ್ದು ಆಗ. ಟಿಕೆಟ್ ಎಂಬುದು ಮರಿಯ ಹೆಸರು. ಬಸ್ಸಿನ ಕೊನೆಯ ಸೀಟಿನ ಕೆಳಗೆ ಹಣ್ಣಿನ ಬುಟ್ಟಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಅದನ್ನು ಆ ಬಸ್ಸು ಓಡಿಸುವ ಡ್ರೈವರಮ್ಮ ಮನೆಗೆ ತಂದಿದ್ದಳು. ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದ ಒಬ್ಬನೇ ಒಬ್ಬನನ್ನು ತಾನು ಸುಮ್ಮನೆ ಬಿಟ್ಟದ್ದು ಎಂದು ಎಲ್ಲರ ಹತ್ತಿರ ಹೇಳುತ್ತಿದ್ದಳು. ಡ್ರೈವರಮ್ಮ ಅಗಲ ಭುಜದ, ನಿಧಾನ ಮಾತಿನ ಹೆಂಗಸು. ಮರಿಯೋ ಮುಷ್ಟಿಯಷ್ಟು ಮೈಗೆ ಬುಟ್ಟಿಯಷ್ಟು ಕೂದಲು. ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಆಗಲೇ ಗಂಟು ಕಟ್ಟತೊಡಗಿತ್ತು.

ಕ್ರಮದಂತೆ ಎಲ್ಲ ನಡೆಯಿತು. ಡ್ರೈವರಮ್ಮನನ್ನು ಹೊರಗೆ ಕೂರಿಸಿದರು. ಟಿಕೆಟ್ ಒದ್ದಾಡಿತು, ಕಿರುಚಿತು, ಮೈಯೆಲ್ಲ ನಡುಗಿ ನಡುಗಿ ಕೊನೆಗೆ ಸಡಿಲವಾಯಿತು. “ಬುದ್ಧಿ ಬಂತು” ಎಂದಳು ದೊಡ್ಡಮ್ಮ. ಕಾಲು ಹಿಡಿದಿದ್ದ ಕತ್ತರಿ ಬೆವರು ಒರೆಸಿಕೊಳ್ಳಲು ತಲೆಯೆತ್ತಿದಾಗ ಹಳೆಯ ಕನ್ನಡಿಯಲ್ಲಿ ಮೂವರೂ ಕಂಡರು. ಮೊಣಕಾಲುಗಳ ನಡುವೆ ಮರಿಯ ಮುಖ ಕಂಡಿತು. ಕಣ್ಣು ತೆರೆದೇ ಇತ್ತು, ಆದರೆ ಅದು ಏನನ್ನೂ ನೋಡುತ್ತಿರಲಿಲ್ಲ. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದೇ ಕನ್ನಡಿಯಲ್ಲಿ, ಇದೇ ಎತ್ತರದಲ್ಲಿ, ಅದನ್ನು ದಿನಾ ಬೆಳಿಗ್ಗೆ ನೋಡಿದವಳು ಅವಳು. ಅವಳು ಮರಿಯ ಕಾಲು ಬಿಟ್ಟುಬಿಟ್ಟಳು.

“ಯಾಕೆ ಬಿಟ್ಟೆ? ಹಿಡ್ಕೋ” ಎಂದಳು ದೊಡ್ಡಮ್ಮ.

“ಮುಗೀತಲ್ಲ” ಎಂದಳು ಕತ್ತರಿ. ಅಂದು ಅಷ್ಟೇ ಹೇಳಿದಳು.

ಆ ವಾರದ ಕೊನೆಗೆ ಡ್ರೈವರಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಮನೆಯಲ್ಲಿ ಬ್ರಷ್ ತೆಗೆದಳಂತೆ. ಮರಿ ಬೊಗಳಲಿಲ್ಲ, ಗುರುಗುಡಲಿಲ್ಲ, ನೇರ ಕಚ್ಚಿತು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಬೊಗಳಿ ಪ್ರಯೋಜನವಿಲ್ಲವೆಂದು ತಿಳಿದ ನಾಯಿ ಏನು ಮಾಡುತ್ತದೆ ಎಂದು ಯಾರೂ ಹೇಳಿಲ್ಲ.

“ನಮ್ಮೆಜಮಾನ್ರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ರು” ಎಂದಳು ಡ್ರೈವರಮ್ಮ. “ಸ್ಟೇರಿಂಗ್ ಹಿಡಿಯೋ ಕೈ ಇದು. ಮರಿ ಬೇಕಾ ಕೈ ಬೇಕಾ ನೋಡ್ಕೋ ಅಂದ್ರು. ಬಾಚದೆ ಬಿಡೋಣ ಅಂದ್ರೆ ಗಂಟು ಚರ್ಮ ಎಳೆದು ಹುಣ್ಣಾಗ್ತಾ ಇದೆ. ಈ ತಿಂಗಳ ಕೊನೆಯೊಳಗೆ ಸುಮ್ಮನೆ ಬಾಚಿಸ್ಕೊಂಡ್ರೆ ಇರ್ಲಿ, ಇಲ್ಲಾಂದ್ರೆ ದಿಕ್ಕಿಲ್ಲದ ನಾಯಿಗಳ ದೊಡ್ಡಿಗೆ ಬಿಟ್ಟು ಬರ್ತಾರಂತೆ.” ಅಷ್ಟು ಹೇಳಿ ಅವಳು ಮರಿಯನ್ನು ಸೆರಗಿನಂಚಿನಲ್ಲಿ ಮುಚ್ಚಿಕೊಂಡಳು. ಅದು ಅಲ್ಲಿಂದಲೇ ಸ್ಟೂಲನ್ನು ನೋಡಿ ನಡುಗತೊಡಗಿತು.

“ಒಂದೇ ಸಲಕ್ಕೆ ಪೂರ್ತಿ ಸೋತಿಲ್ಲ, ಅಷ್ಟೇ” ಎಂದಳು ದೊಡ್ಡಮ್ಮ. “ಕೊಡಿ ಇಲ್ಲಿ. ಇನ್ನೊಂದು ಸಲ ಹಿಡಿದ್ರೆ ಸರಿಹೋಗುತ್ತೆ.”

“ಬೇಡ” ಎಂದಳು ಕತ್ತರಿ.

ಡ್ರೈಯರು ಸದ್ದು ಮಾಡುತ್ತಿತ್ತು. ದೊಡ್ಡಮ್ಮ ಅದನ್ನು ಆರಿಸಿದಳು. “ಏನಂದೆ?”

“ಆ ಮರಿ ನಿನ್ನ ಮೊಣಕಾಲಿಗೆ ಹೋಗಲ್ಲ ಅಂದೆ. ನಾನು ಕಾಲು ಹಿಡಿಯಲ್ಲ. ಇದರದ್ದೂ ಇಲ್ಲ, ಇನ್ನು ಮೇಲೆ ಯಾವುದರದ್ದೂ ಇಲ್ಲ. ಅದು ಸುಮ್ಮನಿರೋದು ಬುದ್ಧಿ ಬಂದು ಅಲ್ಲ ದೊಡ್ಡಮ್ಮ, ಯಾರೂ ಕೇಳಿಸ್ಕೊಳ್ಳಲ್ಲ ಅಂತ ಗೊತ್ತಾಗಿ.”

“ನಾಯಿ ಬಂದು ನಿನ್ನ ಕಿವೀಲಿ ಹೇಳ್ತಾ?”

“ನಾಯಿ ಯಾಕೆ ಹೇಳ್ಬೇಕು? ನಾನು ಆ ಜಾಗದಲ್ಲಿ ಕೂತಿದ್ದೆ.”

ಡ್ರೈವರಮ್ಮ ಅರ್ಥವಾಗದೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ದೊಡ್ಡಮ್ಮನ ಕುತ್ತಿಗೆಯ ನರ ಉಬ್ಬಿ ಇಳಿಯಿತು. ಕೊನೆಗೆ ಅವಳು ಹೇಳಿದಳು: “ಸರಿ. ನನ್ನ ಮೇಜಿನ ಮೇಲೆ ಬೇಡ, ನನ್ನ ಅಂಗಡಿ ಹೊತ್ತಲ್ಲಿ ಬೇಡ. ಊಟದ ಹೊತ್ತಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕೂತ್ಕೊಂಡು ನಿನ್ನ ವಿದ್ಯೆ ತೋರ್ಸು. ತಿಂಗಳ ಕೊನೇಲಿ ಅದು ಬಾಚಿಸ್ಕೊಳ್ಳಲಿಲ್ಲ ಅಂದ್ರೆ ನೀನು ಮತ್ತೆ ಬಂದು ಕಾಲು ಹಿಡೀಬೇಕು. ಬಾಯಿ ಮುಚ್ಕೊಂಡು.”

“ಹಿಡೀತೀನಿ” ಎಂದಳು ಕತ್ತರಿ. ಹೇಗೆ ಮಾಡುವುದು ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೇಗೆ ಮಾಡಬಾರದು ಎಂಬುದಷ್ಟೇ ಗೊತ್ತಿತ್ತು.

ಹಾಗಾಗಿ ಅವಳು ಅದರಿಂದಲೇ ಶುರುಮಾಡಿದಳು. ಡ್ರೈವರಮ್ಮನಿಗೆ ಮಧ್ಯಾಹ್ನ ಬಸ್ಸು ಬದಲಾಯಿಸುವ ಬಿಡುವಿತ್ತು. ಬ್ಯಾಂಡೇಜಿನ ಕೈಯಲ್ಲೇ ಮರಿಯನ್ನು ಎತ್ತಿಕೊಂಡು ಬರುವಳು. ಕತ್ತರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮೆದು ಹಲ್ಲಿನ ಒಂದು ಬ್ರಷ್ಷನ್ನು ಒಂದು ಮಾರು ದೂರದಲ್ಲಿ ನೆಲದ ಮೇಲಿಟ್ಟು ಸುಮ್ಮನಿರುವಳು. ಟಿಕೆಟ್ ಬ್ರಷ್ಷಿನ ಕಡೆ ಕಣ್ಣು ಹಾಯಿಸಿದರೆ ಬೇಯಿಸಿದ ಮೊಟ್ಟೆಯ ಚೂರು ಒಂದು ಸಿಗುತ್ತಿತ್ತು. ಮೂಸಿದರೆ ಇನ್ನೊಂದು. ಮುಖ ತಿರುಗಿಸಿದರೆ ಬ್ರಷ್ ಅಲ್ಲಿಂದ ಮಾಯ. ಅಷ್ಟೇ ಅಂದಿನ ಪಾಠ.

ಎದುರುಗಡೆ ಕೀಲಿಕೈ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಸಿಕ್ಕಿರಲಿಲ್ಲ. “ಏನಮ್ಮಾ ಕತ್ತರಿ, ಬ್ರಷ್ಷಿಗೆ ಕಾವಲು ಕೂತಿದ್ದೀಯಾ?” ಎಂದು ಕೂಗಿದ.

“ಹೌದಣ್ಣ, ಈ ಬೀದೀಲಿ ಬೀಗ ತೆಗೆಯೋರು ಜಾಸ್ತಿ ಅಲ್ವಾ” ಎಂದಳು ಕತ್ತರಿ.

ಒಳಗಿನಿಂದ ದೊಡ್ಡಮ್ಮನ ಧ್ವನಿ ಬರುತ್ತಿತ್ತು, ಯಾರಿಗೂ ಹೇಳಿದ್ದಲ್ಲ ಎಂಬಂತೆ: “ನಾಯಿ ಬಾಲಕ್ಕೆ ದಬ್ಬೆ ಕಟ್ಟೋ ಕೆಲ್ಸ.”

ಕತ್ತರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ರಷ್ಷಿನ ಹಲ್ಲಿಲ್ಲದ ಬೆನ್ನನ್ನು ಮೊದಲು ತನ್ನ ತೋಳಿಗೆ ತಾಗಿಸಿ ತೋರಿಸಿದಳು, ಆಮೇಲೆ ಮರಿಯ ಭುಜಕ್ಕೆ ತಾಗಿಸಿ ತೆಗೆದಳು. ಪಾದವನ್ನು ಹಿಡಿಯದೆ ಬರಿ ಅಂಗೈಯ ಮೇಲೆ ನಿಲ್ಲಿಸಿಕೊಂಡಳು. ಕಿವಿಯನ್ನು ಬೆರಳಿನಿಂದ ಎತ್ತಿ, ಅದು ತಲೆ ಕೊಡವುವ ಮುಂಚೆಯೇ ಬಿಟ್ಟಳು. ಮರಿಗೆ ಬಿಡಿಸಿಕೊಳ್ಳುವ ಸಂದರ್ಭವೇ ಬರಬಾರದು, ಅದಕ್ಕಿಂತ ಮುಂಚೆ ಬಿಡಬೇಕು ಎಂಬುದು ಅವಳಿಗೆ ದಿನ ಕಳೆದಂತೆ ಹೊಳೆದ ಗುಟ್ಟು. ಕೆಲವು ದಿನಗಳ ನಂತರ ಬ್ರಷ್ ಒಂದೇ ಒಂದು ಸಲ ಬೆನ್ನ ಮೇಲೆ ಕೂದಲಿನ ದಿಕ್ಕಿನಲ್ಲಿ ಜಾರಿತು. ಟಿಕೆಟ್ ತಿರುಗಿ ನೋಡಿತು, ಮೊಟ್ಟೆ ತಿಂದಿತು, ಮತ್ತೆ ಬೆನ್ನು ಕೊಟ್ಟಿತು. ಡ್ರೈವರಮ್ಮ ಕೂತಲ್ಲೇ ಕಣ್ಣು ಒರೆಸಿಕೊಂಡಳು. ಕತ್ತರಿಗೆ ಮಾತ್ರ ಗೆದ್ದೇಬಿಟ್ಟೆ ಎನ್ನಿಸಿತು.

ಅಲ್ಲೇ ಅವಳು ಎಡವಿದ್ದು. ಮರುದಿನ ಮರಿ ಸೊಗಸಾಗಿ ನಿಂತಿತ್ತು, ಎದೆಯನ್ನೂ ಬಾಚಿಸಿಕೊಂಡಿತ್ತು. ಕಿವಿಯ ಹಿಂದಿನ ಗಂಟನ್ನು ಬೆರಳಲ್ಲೇ ಬಿಡಿಸುತ್ತಿದ್ದಳು, ಅರ್ಧ ಬಿಟ್ಟಿತ್ತು, ಇನ್ನೊಂದು ಎಳೆ ಬಂದರೆ ಪೂರ್ತಿ ಬಿಡುತ್ತಿತ್ತು. ಟಿಕೆಟ್ ಮುಖ ತಿರುಗಿಸಿತು. ಅವಳು ಎಡಗೈಯಲ್ಲಿ ಅದರ ಕುತ್ತಿಗೆಪಟ್ಟಿ ಹಿಡಿದಳು, ಸ್ವಲ್ಪವೇ. ಬಾಯಿಂದ ಮಾತು ತಾನಾಗಿ ಬಂತು: “ಇದೊಂದೇ ಸಿಕ್ಕು, ಇದೊಂದೇ, ಮುಗೀತು.”

ಮರಿ ಕಿರುಚಿ ಕೈ ತಪ್ಪಿಸಿಕೊಂಡು ಡ್ರೈವರಮ್ಮನ ಕಾಲ ಹಿಂದೆ ಸೇರಿತು. ಕತ್ತರಿ ಕೂತಲ್ಲೇ ಕಲ್ಲಾದಳು. ಮರಿ ಕಿರುಚಿದ್ದಕ್ಕಿಂತ ಹೆಚ್ಚಾಗಿ ತನ್ನ ಬಾಯಿಂದ ಬಂದ ಆ ಮಾತು, ಆ ರಾಗ ಅವಳನ್ನು ಹೆದರಿಸಿತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬಂದ್ಯಾ ದಾರಿಗೆ?” ಎಂದಳು ದೊಡ್ಡಮ್ಮ. “ಇನ್ನೊಂದೇ ಎಳೆ ಇರುತ್ತೆ. ಬಿಟ್ರೆ ನಾಳೆ ಎರಡಾಗುತ್ತೆ. ನಾನೇನು ಸಂತೋಷಕ್ಕೆ ಹಿಡೀತಿದ್ನಾ?” ಆ ಧ್ವನಿಯಲ್ಲಿ ವ್ಯಂಗ್ಯವಿತ್ತು, ಜೊತೆಗೆ ಇನ್ನೇನೋ ಇತ್ತು, ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದಂತೆ.

“ನೀನೂ ತಪ್ಪು, ನಾನೂ ತಪ್ಪು” ಎಂದಳು ಕತ್ತರಿ. “ನಾನು ಮೊದಲಿಂದ ಶುರುಮಾಡ್ತೀನಿ. ಅಷ್ಟೇ ವ್ಯತ್ಯಾಸ.” ಎದ್ದು ಬ್ರಷ್ಷನ್ನು ಮತ್ತೆ ಒಂದು ಮಾರು ದೂರದಲ್ಲಿ ನೆಲದ ಮೇಲೆ ಇಟ್ಟಳು. ಟಿಕೆಟ್ ಅಂದು ಅದರ ಕಡೆ ನೋಡಲೂ ಇಲ್ಲ. ಅದರ ಮರುದಿನವೂ ನೋಡಲಿಲ್ಲ. ತಿಂಗಳು ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು, ಡ್ರೈವರಮ್ಮ ಬರುವಾಗ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು, ಕತ್ತರಿಗೆ ಹಿಡಿದ ಕೆಲಸ ಬಿಟ್ಟು ಎದ್ದುಹೋಗುವಷ್ಟು ಸಿಟ್ಟು ತನ್ನ ಮೇಲೆಯೇ ಬರುತ್ತಿತ್ತು. ಎದ್ದು ಹೋಗಲಿಲ್ಲ. ಸೋತರೆ ಮರಿ ದೊಡ್ಡಿಗೆ, ತಾನು ಸ್ಟೂಲಿನ ಮುಂದಕ್ಕೆ. ಎರಡನ್ನೂ ಅವಳು ಒಪ್ಪಲು ಸಿದ್ಧಳಿರಲಿಲ್ಲ. ಕೊನೆಗೆ ಟಿಕೆಟ್ ಮತ್ತೆ ಬೆನ್ನು ಕೊಟ್ಟಿತು, ಕಿವಿಯನ್ನು ಮಾತ್ರ ಮುಟ್ಟಗೊಡಲಿಲ್ಲ.

ಈ ನಡುವೆ ದೊಡ್ಡಮ್ಮನದೊಂದು ವಿಷಯ ಹೇಳಬೇಕು. ಹಿಂದಿನ ಚಳಿಗಾಲದಿಂದ ಅವಳ ಮಣಿಕಟ್ಟುಗಳು ಬಿಗಿದುಕೊಂಡಿದ್ದವು. ನಾಯಿಗಳ ಮೈಮೇಲೆ ಹೇಗೋ ಕೈ ಓಡುತ್ತಿತ್ತು, ತನ್ನ ತಲೆಯ ಹಿಂಭಾಗಕ್ಕೆ ಮಾತ್ರ ಯಾವ ಕೈಯೂ ಹೋಗುತ್ತಿರಲಿಲ್ಲ. ಒಂದು ಕಾಲದಲ್ಲಿ ಬೀದಿಯ ಹೆಂಗಸರ ತಲೆಯನ್ನೆಲ್ಲ ಆಳಿದವಳು ಈಗ ತಲೆಗೆ ಬೂದು ಬಣ್ಣದ ವಸ್ತ್ರ ಸುತ್ತಿಕೊಂಡು ಓಡಾಡುತ್ತಿದ್ದಳು. “ನಾನು ಬಾಚಲಾ?” ಎಂದು ಕತ್ತರಿ ಒಮ್ಮೆ ಕೇಳಿದ್ದಕ್ಕೆ, “ನಿನ್ನ ಕೈಗೆ ತಲೆ ಕೊಟ್ರೆ ಜಡೆ ಉಳಿಯುತ್ತಾ?” ಎಂದು ಬಾಯಿ ಮುಚ್ಚಿಸಿದ್ದಳು. ವಸ್ತ್ರದ ಕೆಳಗೆ ಏನಾಗಿದೆ ಎಂದು ಕತ್ತರಿಗೆ ಗೊತ್ತಿತ್ತು. ಗಂಟು ಕಟ್ಟಿದ ಕೂದಲು ಹೇಗೆ ನಿಲ್ಲುತ್ತದೆ ಎಂದು ತಿಳಿಯದವಳೇ ಅವಳು?

ತಿಂಗಳ ಕೊನೆಯ ದಿನ ಡ್ರೈವರಮ್ಮ ಗಂಡನ ಜೊತೆ ಬಂದಳು. ಗಂಡ ಗೋಡೌನಿನಲ್ಲಿ ಮೂಟೆಗಳ ಕಾವಲುಗಾರ, ಮಾತು ಕಡಿಮೆ. ಅವನ ಕೈಯಲ್ಲಿ ಮುಚ್ಚಳವಿದ್ದ ಬುಟ್ಟಿಯೊಂದಿತ್ತು. ಮರಿಯನ್ನು ದೊಡ್ಡಿಗೆ ಒಯ್ಯಲು ತಂದದ್ದೇ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ದೊಡ್ಡಮ್ಮ ಅಂದು ಒಂದು ಗಂಟೆ ಮುಂಚೆಯೇ ಇತರ ಗಿರಾಕಿಗಳನ್ನು ಕಳಿಸಿ, ಮೋಟು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

“ಇವತ್ತು ಒಳಗೇ ಮಾಡು. ನಾನೂ ನೋಡಬೇಕಲ್ಲ” ಎಂದಳು.

ಕತ್ತರಿ ಹಳೆಯ ಟವೆಲೊಂದನ್ನು ನೆಲಕ್ಕೆ ಹಾಸಿ ಕೂತಳು. ಬಾಗಿಲನ್ನು ಮುಚ್ಚಲು ಹೋದ ಡ್ರೈವರಮ್ಮನಿಗೆ “ತೆರೆದೇ ಇರ್ಲಿ” ಎಂದಳು. ಟಿಕೆಟ್ ಸ್ಟೂಲನ್ನು ನೋಡಿ ಕಿವಿ ಇಳಿಬಿಟ್ಟಿತು, ಟವೆಲನ್ನು ಮೂಸಿತು, ಬಂದು ನಿಂತಿತು. ಬ್ರಷ್ ಬೆನ್ನ ಮೇಲೆ ಹೋಯಿತು. ಎದೆಯ ಮೇಲೆ ಹೋಯಿತು. ಮುಂಗಾಲು ಅಂಗೈ ಮೇಲೆ ಬಂದು ಕೂತಿತು. ಗಂಡ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

“ಬೆನ್ನು ಯಾವ ನಾಯಿ ಕೊಡಲ್ಲ?” ಎಂದಳು ದೊಡ್ಡಮ್ಮ. “ಕಿವಿ ಹಿಂದೆ ಬಾಚು.”

ಕತ್ತರಿ ಕಿವಿಯನ್ನು ಎತ್ತಿದಳು. ಗಂಟಿಗೆ ಬ್ರಷ್ ತಾಗಿತಷ್ಟೇ, ಟಿಕೆಟ್ ಎದ್ದು ಟವೆಲಿನಿಂದ ಇಳಿದು ಬಾಗಿಲ ಕಡೆ ನಡೆಯಿತು.

“ಹಿಡಿ” ಎಂದಳು ದೊಡ್ಡಮ್ಮ.

“ಹಿಡಿಯಲ್ಲ.”

“ಹೋಗ್ತಾ ಇದೆ ಅದು.”

“ಹೋಗ್ಲಿ.”

ಡ್ರೈವರಮ್ಮ ಕರೆಯಲು ಬಾಯಿ ತೆರೆದಳು. “ಕರೀಬೇಡಿ ಅಕ್ಕ” ಎಂದಳು ಕತ್ತರಿ. ಬ್ರಷ್ಷನ್ನು ಟವೆಲ ಮೇಲಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.  ಗಂಡ ದೀರ್ಘವಾಗಿ ಉಸಿರು ಬಿಟ್ಟು ಬುಟ್ಟಿಯ ಮುಚ್ಚಳ ತೆಗೆದ. ಆ ಸದ್ದಿಗೆ ಡ್ರೈವರಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಕತ್ತರಿಗೆ ಆಗ ಕೈಚಾಚಿ ಕುತ್ತಿಗೆಪಟ್ಟಿ ಹಿಡಿಯುವುದು ಬಲು ಸುಲಭವಿತ್ತು, ಮರಿ ಇನ್ನೂ ಕೈಗೆಟಕುವ ದೂರದಲ್ಲೇ ಇತ್ತು. ಹಿಡಿದರೆ ಇಂದಿನ ಮಟ್ಟಿಗೆ ಮರಿ ಉಳಿಯುತ್ತಿತ್ತು. ಅವಳು ಹಿಡಿಯಲಿಲ್ಲ. ಹಿಡಿಯದೆ ಕೂತಿರುವುದು ಅವಳು ಜನ್ಮದಲ್ಲಿ ಮಾಡಿದ ಅತಿ ಕಷ್ಟದ ಕೆಲಸವಾಗಿತ್ತು.

ಟಿಕೆಟ್ ಹೊಸ್ತಿಲ ಪಕ್ಕದ ಬೋಗುಣಿಯಲ್ಲಿ ಲಪಲಪ ನೀರು ಕುಡಿಯಿತು. ಬೀದಿಯನ್ನು ನೋಡಿತು. ಗಂಡನ ಚಪ್ಪಲಿ ಮೂಸಿ, ಬುಟ್ಟಿಯನ್ನು ಮೂಸಿ, ಸೀನಿತು. ಆಮೇಲೆ ಯಾರೂ ಕರೆಯದೆ ಬಂದು ಟವೆಲಿನ ಮೇಲೆ ಕತ್ತರಿಗೆ ಬೆನ್ನು ಹಾಕಿ ಕೂತು, ತಲೆಯನ್ನು ಓರೆ ಮಾಡಿತು. ಅದೇ ಕಿವಿ.

ಕತ್ತರಿ ಗಂಟನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿದಳು. ಮಧ್ಯೆ ಮರಿ ಇನ್ನೊಮ್ಮೆ ಮುಖ ತಿರುಗಿಸಿತು, ಅವಳು ಕೈ ತೆಗೆದಳು, ಅದು ಮತ್ತೆ ತಲೆ ಕೊಟ್ಟಿತು. ಕೊನೆಯ ಎಳೆ ಬಿಟ್ಟಾಗ ಬ್ರಷ್ ಕಿವಿಯ ಹಿಂದೆ ಸಲೀಸಾಗಿ ಜಾರಿತು.

“ನೀರು ಕುಡಿಯೋಕೆ ಹೋಗಿತ್ತು, ಅಷ್ಟೇ” ಎಂದ ಗಂಡ.  ಬುಟ್ಟಿಯ ಮುಚ್ಚಳ ಹಾಕಿ ಕಂಕುಳಿಗೆ ಸೇರಿಸಿದ. “ಮನೇಲೂ ಹಿಂಗೇ ಮಾಡ್ಬೇಕಾ?”

“ಹಿಂಗೇ” ಎಂದಳು ಕತ್ತರಿ. “ಎದ್ದು ಹೋದ್ರೆ ಬಿಟ್ಬಿಡಿ. ಹೋಗೋಕೆ ಬಿಟ್ರೆ ತಾನೇ ವಾಪಸ್ ಬರೋದು.”

ಡ್ರೈವರಮ್ಮ ಬ್ಯಾಂಡೇಜು ಬಿಚ್ಚಿದ್ದ ಕೈಯಿಂದ ಕತ್ತರಿಯ ಗಿಡ್ಡ ಕೂದಲನ್ನು ಒಮ್ಮೆ ನೇವರಿಸಿ, ಮರಿಯನ್ನು ಎತ್ತಿಕೊಂಡು ಹೊರಟಳು. ಎದುರಿನ ಕೀಲಿಕೈಯವನು ತನ್ನ ಕೆಲಸ ಬಿಟ್ಟು ಎದ್ದು ನಿಂತು ನೋಡುತ್ತಿದ್ದ. 

ಅಂಗಡಿಯಲ್ಲಿ ಇಬ್ಬರೇ ಉಳಿದರು. ಕತ್ತರಿ ನೆಲ ಗುಡಿಸಿದಳು, ಬೇಸಿನ್ ತೊಳೆದಳು. ದೊಡ್ಡಮ್ಮ ಸ್ಟೂಲಿನಿಂದ ಏಳಲಿಲ್ಲ.

“ಮೊಟ್ಟೆ ಆಸೆಗೆ ಬಂತು ಅದು” ಎಂದಳು.

“ಇವತ್ತು ಮೊಟ್ಟೆ ತಂದೇ ಇರಲಿಲ್ಲ. ಗಡಿಬಿಡೀಲಿ ಮರೆತುಬಂದಿದ್ದೆ.”

 ದೊಡ್ಡಮ್ಮ ಕನ್ನಡಿಗೆ ಮುಖ ಮಾಡಿ ಕೂತು, ಬಿಗಿದ ಬೆರಳುಗಳಿಂದ ತಡವಿ ತಡವಿ ತಲೆಯ ವಸ್ತ್ರವನ್ನು ಬಿಚ್ಚಿದಳು. ಹಿಂಭಾಗದಲ್ಲಿ ನರೆಗೂದಲು ಒಂದೇ ಉಂಡೆಯಾಗಿ ಕತ್ತಿನ ಮೇಲೆ ಕೂತಿತ್ತು. “ಬಾಚಣಿಗೆ ತಗೊಂಡು ಬಾ. ಕತ್ತರಿ ಗಿತ್ತರಿ ಮುಟ್ಟಬೇಡ” ಎಂದಳು.

ಕತ್ತರಿ ಹಿಂದೆ ಬಂದು ನಿಂತಳು. ಅವಳ ಕೈಯಲ್ಲಿ ಬಾಚಣಿಗೆ ಇತ್ತು, ಎದುರು ದೊಡ್ಡಮ್ಮನ ಬರಿ ತಲೆ ಇತ್ತು, ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಒಂದು ಕ್ಷಣ ಅವಳಿಗೆ ಬೇರು ಸಮೇತ ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. ಅಂಚಿನಿಂದ, ತುದಿಯಿಂದ ಬೆರಳು ಹಾಕಿ ಶುರುಮಾಡಿದಳು. ದೊಡ್ಡಮ್ಮನ ಭುಜ ಕಲ್ಲಿನಂತೆ ಬಿಗಿದಿತ್ತು. ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅವಳು ಒಮ್ಮೆಲೇ ಹೇಳಿದಳು:

“ಬಿಡು.”

ನೋವಾಗಿ ಹೇಳಿದಳೋ, ಪರೀಕ್ಷೆ ಮಾಡಲೆಂದೇ ಹೇಳಿದಳೋ, ಅದು ಅವಳಿಗೇ ಗೊತ್ತು. ಒಂದೇ ಎಳೆ ಬಾಕಿ ಇತ್ತು, ಬಂದರೆ ಆ ಗಂಟು ಪೂರ್ತಿ ಬಿಡುತ್ತಿತ್ತು. ಕತ್ತರಿ ಎರಡೂ ಕೈ ತೆಗೆದಳು, ಒಂದು ಹೆಜ್ಜೆ ಹಿಂದೆ ಸರಿದಳು.

ದೊಡ್ಡಮ್ಮ ಕನ್ನಡಿಯಲ್ಲಿ ಆ ಕೈಗಳನ್ನು ನೋಡಿದಳು. ಅವು ಮತ್ತೆ ಹತ್ತಿರ ಬರುತ್ತವೆಯೇ ಎಂದು ಕಾದಳು. ಬರಲಿಲ್ಲ.

“ನೀನು ದಿನಾ ಅಂತಿದ್ದೆ” ಎಂದಳು ಕೊನೆಗೆ. “ಬಿಡು ಅಂತ.”

“ದಿನಾ ಅಂತಿದ್ದೆ.”

“ನಂಗೆ ಕೇಳಿಸ್ತಿತ್ತು.”

ಬೀದಿಯಲ್ಲಿ ಬಸ್ಸೊಂದು ಹೋಯಿತು, ಕಿಟಕಿಯ ಗಾಜು ಸಣ್ಣಗೆ ಅದುರಿತು.  ಸ್ಟೂಲಿನ ಮೇಲೆ ಜಡೆ ಇಟ್ಟು ಶಾಲೆಗೆ ಹೋದ ದಿನದಿಂದ ಕತ್ತರಿ ಕಾದಿದ್ದ ಉತ್ತರ ಇದೇ. ಕೇಳಿಸಿರಲಿಲ್ಲ ಎಂದಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು. ಪರವಾಗಿಲ್ಲ ಬಿಡು ದೊಡ್ಡಮ್ಮ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಅದು ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ. ಹೇಳಲಿಲ್ಲ.

“ಬಾಚು ಅಂದ್ರೆ ಬಾಚ್ತೀನಿ” ಎಂದಳು. “ನೀನೇ ಹೇಳ್ಬೇಕು.”

ಇನ್ನೊಬ್ಬರನ್ನು ಕೇಳಿ ಅಭ್ಯಾಸವಿಲ್ಲದ ಆ ಹೆಂಗಸು ಅರ್ಧ ಬಿಚ್ಚಿದ ತಲೆಯಲ್ಲಿ ಕನ್ನಡಿಯನ್ನು ನೋಡುತ್ತ ಕೂತಳು. ಬಾಗಿಲು ತೆರೆದೇ ಇತ್ತು. ಎದ್ದು ವಸ್ತ್ರ ಸುತ್ತಿಕೊಂಡು ಹೋದರೆ ತಡೆಯುವವರು ಯಾರೂ ಇರಲಿಲ್ಲ. ಕತ್ತರಿ ಬಾಚಣಿಗೆ ಹಿಡಿದು ನಿಂತೇ ಇದ್ದಳು, ಹತ್ತಿರ ಹೋಗಲಿಲ್ಲ, ದೂರವೂ ಸರಿಯಲಿಲ್ಲ.

“ಬಾಚು” ಎಂದಳು ದೊಡ್ಡಮ್ಮ, ಮತ್ತು ತಲೆಯನ್ನು ಹಿಂದಕ್ಕೆ ಕೊಟ್ಟಳು.